ಒಂದೇ ಪಂಕ್ತಿ, ಬೇರೆ ಬೇರೆ ನೇಮ: ಊಟದ ಧಾರ್ಮಿಕ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ಧರ್ಮದವರು ಒಟ್ಟಿಗೆ ಕೂರುವ ಊಟಗಳನ್ನು ಏರ್ಪಡಿಸುವ ಕೆಲಸದಲ್ಲಿ ನಾನು ಬಹಳ ವರ್ಷದಿಂದ ಇದ್ದೇನೆ. ಯಾರು ಏನು ತಿನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು, ಅಡುಗೆಯವರಿಗೆ ತಿಳಿಸುವುದು, ಬಡಿಸುವಾಗ ಪಾತ್ರೆಗಳ ಪಕ್ಕ ನಿಲ್ಲುವುದು, ಇಷ್ಟೇ ಆ ಕೆಲಸ. ಆದರೆ ಪ್ರತಿ ಸಲವೂ ಅವೇ ಪ್ರಶ್ನೆಗಳು ಬರುತ್ತವೆ. ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಬೇಸರದಿಂದ, ಇನ್ನು ಕೆಲವರು ತಪ್ಪಾಗಿಬಿಟ್ಟೀತು ಅನ್ನುವ ಭಯದಿಂದ. ಅವರೆಲ್ಲರಿಗೂ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಇವೆಲ್ಲ ಹಿಂದಿನವರು ಆರೋಗ್ಯಕ್ಕಾಗಿ ಮಾಡಿದ ನಿಯಮಗಳಲ್ವಾ? ಈಗ ಫ್ರಿಜ್ ಇದೆ, ವೈದ್ಯರಿದ್ದಾರೆ. ಇನ್ನೂ ಯಾಕೆ ಪಾಲಿಸಬೇಕು?

ಆರೋಗ್ಯದ ಕಾರಣ ಹೇಳುವವರು ಬಹಳ ಹಿಂದಿನಿಂದಲೂ ಇದ್ದಾರೆ. 12ನೇ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡೀಸ್ ವೈದ್ಯರೂ ಆಗಿದ್ದರು. ಹಂದಿ ಕೊಳಕಿನಲ್ಲಿ ಬದುಕುವ ಪ್ರಾಣಿ ಎಂಬ ಕಾರಣವನ್ನು ಅವರೂ ಬರೆದಿದ್ದಾರೆ. ಆದರೆ ಈ ಲೆಕ್ಕ ಎಲ್ಲ ಕಡೆ ಕೂಡುವುದಿಲ್ಲ. ಒಂಟೆಯ ಮಾಂಸ ಯೆಹೂದಿಗಳಿಗೆ ನಿಷಿದ್ಧ, ಮುಸ್ಲಿಮರಿಗೆ ಅಲ್ಲ. ಕಾರಣ ಬರೀ ಆರೋಗ್ಯವೇ ಆಗಿದ್ದರೆ ಒಬ್ಬರಿಗೆ ಕೆಟ್ಟದ್ದು ಇನ್ನೊಬ್ಬರಿಗೆ ಒಳ್ಳೆಯದು ಹೇಗಾದೀತು?

ಪಾಲಿಸುವವರ ಹತ್ತಿರ ಕೂತು ಕೇಳಿದರೆ ಬೇರೆಯದೇ ಮಾತು ಬರುತ್ತದೆ. ಜೈನರು ಗಡ್ಡೆ ಗೆಣಸು ಬಿಡುವುದು ನೆಲದೊಳಗಿನ ಜೀವಗಳಿಗೆ ಆಗುವ ಹಿಂಸೆ ಕಡಿಮೆಯಾಗಲಿ ಎಂದು. ಕ್ರೈಸ್ತರು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸ ಬಿಡುವುದು ಪಶ್ಚಾತ್ತಾಪಕ್ಕೆ. ಮುಸ್ಲಿಮರು ರಮ್ಜಾನಿನಲ್ಲಿ ಹಗಲು ನೀರೂ ಮುಟ್ಟದಿರುವುದು ದೇವರ ಭಯಭಕ್ತಿಗೆ, ಸಂಯಮಕ್ಕೆ. ಎಷ್ಟೋ ಯೆಹೂದಿಗಳು ನೇರವಾಗಿ ಹೇಳುತ್ತಾರೆ: ಕಾರಣ ನಮಗೆ ಬೇಡ, ದೇವರು ಹೇಳಿದ್ದಾನೆ, ಪಾಲಿಸುತ್ತೇವೆ. ಇಂಥವರಿಗೆ ಫ್ರಿಜ್ ತೋರಿಸಿ ವಾದ ಮಾಡಿದರೆ ಏನು ಪ್ರಯೋಜನ? ಅವರು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿರುವ ಪ್ರಶ್ನೆಯೇ ಬೇರೆ.

ಹಲಾಲ್, ಕೋಷರ್ ಎರಡೂ ಒಂದೇ ಅಲ್ವಾ?

ಅಲ್ಲ. ಹಲಾಲ್ ಅಂದರೆ ಮುಸ್ಲಿಮರ ನಿಯಮಕ್ಕೆ ಸಲ್ಲುವ ಆಹಾರ, ಕೋಷರ್ ಅಂದರೆ ಯೆಹೂದಿಗಳ ನಿಯಮಕ್ಕೆ ಸಲ್ಲುವುದು. ಹೋಲಿಕೆ ಇದೆ, ಅದಕ್ಕೇ ಗೊಂದಲ. ಹಂದಿ ಎರಡರಲ್ಲೂ ಇಲ್ಲ. ರಕ್ತ ಎರಡರಲ್ಲೂ ಇಲ್ಲ. ತಾನಾಗಿ ಸತ್ತ ಪ್ರಾಣಿ ಎರಡರಲ್ಲೂ ಸಲ್ಲದು.

ಆಮೇಲೆ ದಾರಿ ಬೇರೆಯಾಗುತ್ತದೆ. ಯೆಹೂದಿ ನಿಯಮದ ಮೂಲ ಅವರ ಧರ್ಮಗ್ರಂಥದ ಯಾಜಕಕಾಂಡದ 11ನೇ ಅಧ್ಯಾಯ, ಧರ್ಮೋಪದೇಶಕಾಂಡದ 14ನೇ ಅಧ್ಯಾಯ. ನೆಲದ ಪ್ರಾಣಿಯಾದರೆ ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು. ಹಂದಿಗೆ ಗೊರಸು ಸೀಳಿದೆ, ಮೆಲುಕಿಲ್ಲ. ನೀರಿನ ಜೀವಿಯಾದರೆ ಈಜುರೆಕ್ಕೆ ಮತ್ತು ಹುರುಪೆ ಎರಡೂ ಬೇಕು. ಹಾಗಾಗಿ ಸೀಗಡಿ, ಏಡಿ ಇಲ್ಲ. ಇನ್ನು ಹಾಲು ಮತ್ತು ಮಾಂಸ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಮಾತು ಅವರ ಗ್ರಂಥದಲ್ಲಿ ಮೂರು ಸಲ ಬರುತ್ತದೆ. ಆ ಒಂದು ಮಾತಿನಿಂದ ಇಡೀ ಅಡುಗೆಮನೆಯೇ ಎರಡಾಗಿದೆ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ತೊಳೆಯುವುದೂ ಬೇರೆ ಬೇರೆ. ಮಾಂಸ ತಿಂದ ಮೇಲೆ ಹಾಲಿನದನ್ನು ಮುಟ್ಟಲು ಕೆಲವರು ಆರು ಗಂಟೆ ಕಾಯುತ್ತಾರೆ, ಕೆಲವರು ಮೂರು, ಡಚ್ ಯೆಹೂದಿಗಳ ಪದ್ಧತಿಯಲ್ಲಿ ಒಂದೇ ಗಂಟೆ. ಹಣ್ಣು, ತರಕಾರಿ, ಧಾನ್ಯ, ಮೊಟ್ಟೆ ಇವು ಯಾವ ಕಡೆಗೂ ಸೇರದ ಪದಾರ್ಥಗಳು.

ಇಸ್ಲಾಮಿನಲ್ಲಿ ಹಾಲು ಮಾಂಸ ಬೆರೆಸಬಾರದೆಂಬ ನಿಯಮ ಇಲ್ಲ. ಆದರೆ ಮದ್ಯ ನಿಷಿದ್ಧ. ಯೆಹೂದಿಗಳಿಗೆ ದ್ರಾಕ್ಷಾರಸ ಹಬ್ಬದ ವಿಧಿಯ ಭಾಗವೇ ಆಗಿದೆ. ಹಾಗಾಗಿ ಕೋಷರ್ ಗುರುತು ಇರುವ ಸಾಸ್‌ನಲ್ಲಿ ವೈನ್ ಇರಬಹುದು. ಗುರುತು ನೋಡಿ ಮುಸ್ಲಿಂ ಅತಿಥಿಗೆ ನಡೆಯುತ್ತದೆ ಅಂದುಕೊಂಡರೆ ತಪ್ಪಾಗುತ್ತದೆ. ಗ್ರಂಥ ಪಡೆದ ಜನರ ಆಹಾರ ನಿಮಗೆ ಸಲ್ಲುತ್ತದೆ ಎಂದು ಕುರ್‌ಆನ್‌ನ 5ನೇ ಸೂರಾದ 5ನೇ ವಚನದಲ್ಲಿದೆ. ಅದನ್ನು ಹಿಡಿದು ಕೋಷರ್ ಮಾಂಸ ತಿನ್ನುವ ಮುಸ್ಲಿಮರಿದ್ದಾರೆ, ತಿನ್ನದವರೂ ಇದ್ದಾರೆ. ಕೇಳಿದರೆ ಅವರೇ ಹೇಳುತ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹಲಾಲ್ ಮಾಂಸ ತಂದರೆ ಎಲ್ಲರಿಗೂ ಆಗುತ್ತದೆ ಅಂದುಕೊಳ್ಳುತ್ತಾರೆ. ದೀಕ್ಷೆ ಪಡೆದ ಸಿಖ್ಖರಿಗೆ ಅದು ಆಗುವುದಿಲ್ಲ. ಮತಾಚರಣೆಯ ವಿಧಿಯಲ್ಲಿ ಕೊಯ್ದ ಮಾಂಸವನ್ನು ಅವರು ‘ಕುಠ್ಠಾ’ ಎಂದು ಕರೆಯುತ್ತಾರೆ, ಮುಟ್ಟುವುದಿಲ್ಲ.

ನನ್ನ ಇನ್ನೊಬ್ಬ ಸ್ನೇಹಿತ ಅದೇ ಧರ್ಮದವನು. ಅವನು ತಿನ್ನುತ್ತಾನೆ, ಇವರು ಯಾಕೆ ತಿನ್ನಲ್ಲ?

ಈ ಮಾತನ್ನು ದಯವಿಟ್ಟು ಯಾರ ಮುಂದೆಯೂ ಆಡಬೇಡಿ. ಆಡುವವರಿಗೆ ಸಣ್ಣ ಮಾತು. ಕೇಳಿಸಿಕೊಂಡವರು ಮಾತ್ರ ಆ ಹೊತ್ತಿನಲ್ಲಿ ತಮ್ಮ ಸಮುದಾಯದ ಪರವಾಗಿಯೆಲ್ಲ ಜವಾಬು ಕೊಡಬೇಕಾಗುತ್ತದೆ.

ಒಂದೇ ಧರ್ಮದೊಳಗೆ ಎಷ್ಟು ಬಗೆ ಇದೆ ನೋಡಿ. ಇಸ್ಲಾಮಿನ ಶಾಫಿ ಪಂಥದವರಿಗೆ ಸೀಗಡಿ ಸಲ್ಲುತ್ತದೆ. ಹನಫಿ ಪಂಥದಲ್ಲಿ ಕಡಲಿನ ಜೀವಿಗಳ ಪೈಕಿ ಮೀನು ಮಾತ್ರ. ಸೀಗಡಿಯನ್ನು ಮೀನು ಅನ್ನಬೇಕೋ ಬೇಡವೋ ಎಂದು ಅವರಲ್ಲೇ ಚರ್ಚೆ ಇದೆ. ಯೆಹೂದಿಗಳ ಪಾಸ್ಕ ಹಬ್ಬದ ದಿನಗಳಲ್ಲಿ ಅಕ್ಕಿ, ಬೇಳೆ ತಿನ್ನುವವರು ಸೆಫಾರ್ಡಿಗಳು, ಅಂದರೆ ಸ್ಪೇನ್ ಮೂಲದ ಯೆಹೂದಿಗಳು. ಮಧ್ಯ, ಪೂರ್ವ ಯುರೋಪಿನ ಮೂಲದ ಅಷ್ಕೆನಾಜಿಗಳು ಶತಮಾನಗಳಿಂದ ತಿನ್ನುತ್ತಿರಲಿಲ್ಲ. ಅಮೆರಿಕದ ಕನ್ಸರ್ವೇಟಿವ್ ಯೆಹೂದಿ ಪಂಥದ ನಿಯಮ ಸಮಿತಿ 2015ರಲ್ಲಿ ತಿನ್ನಬಹುದು ಅಂದಿತು. ಆದರೂ ಬಿಟ್ಟವರು ಬಿಟ್ಟೇ ಇದ್ದಾರೆ, ಮನೆಯ ಪದ್ಧತಿ ಅಂತ. ಬೌದ್ಧರೆಲ್ಲ ಸಸ್ಯಾಹಾರಿಗಳು ಅಂದುಕೊಳ್ಳುವವರು ಜಾಸ್ತಿ. ಥೇರವಾದ ಎಂಬ ಬೌದ್ಧ ಪಂಥದ ಭಿಕ್ಖುಗಳು ಭಿಕ್ಷೆಯಲ್ಲಿ ಬಂದ ಮಾಂಸ ಸ್ವೀಕರಿಸಬಹುದು. ತನಗಾಗಿ ಕೊಂದದ್ದನ್ನು ನೋಡಿರಬಾರದು, ಕೇಳಿರಬಾರದು, ಹಾಗೆಂದು ಅನುಮಾನವೂ ಇರಬಾರದು, ಅಷ್ಟೇ. ಆದರೆ ಮಧ್ಯಾಹ್ನ ಕಳೆದ ಮೇಲೆ ಅವರು ಊಟ ಮಾಡುವುದಿಲ್ಲ. ಚೀನಾದ ಬೌದ್ಧ ವಿಹಾರಗಳಲ್ಲಿ ಮಾಂಸವೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ಹಿಂದೂಗಳ ವಿಷಯದಲ್ಲಂತೂ ಒಂದೇ ಮಾತಿನ ಉತ್ತರ ಇಲ್ಲವೇ ಇಲ್ಲ. ವಿಮಾನದ ಊಟ ಬುಕ್ ಮಾಡುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ‘ಹಿಂದೂ ಊಟ’ ಅಂದರೆ ವಿಮಾನ ಸಂಸ್ಥೆಗಳ ಸಂಕೇತದಲ್ಲಿ ಎಚ್‌ಎನ್‌ಎಂಎಲ್. ಅದು ಸಾಮಾನ್ಯವಾಗಿ ಮಾಂಸದ ಊಟ, ದನದ ಮಾಂಸ ಮತ್ತು ಹಂದಿ ಇರುವುದಿಲ್ಲ ಅಷ್ಟೇ. ಸಸ್ಯಾಹಾರಿ ಹಿಂದೂ ಆ ಹೆಸರು ನೋಡಿ ಬುಕ್ ಮಾಡಿದರೆ ಮುಂದೆ ಕೋಳಿಯೋ ಕುರಿಯೋ ಬರುತ್ತದೆ. ಅವರು ಕೇಳಬೇಕಾದ್ದು ಎವಿಎಂಎಲ್, ಏಷ್ಯನ್ ಸಸ್ಯಾಹಾರಿ ಊಟ. ಜೈನರಿಗೆ ವಿಜೆಎಂಎಲ್.

ಆದ್ದರಿಂದ ಧರ್ಮದ ಹೆಸರು ಕೇಳಿ ಊಟ ಊಹಿಸಬೇಡಿ. ಮನುಷ್ಯರನ್ನೇ ಕೇಳಿ.

ಸುಮ್ನೆ ಎಲ್ಲವನ್ನೂ ಸಸ್ಯಾಹಾರ ಮಾಡಿಬಿಟ್ಟರೆ ಸಮಸ್ಯೆಯೇ ಇರಲ್ಲ ಅಲ್ವಾ?

ಬಹಳಷ್ಟು ಮುಗಿಯುತ್ತದೆ. ಎಲ್ಲ ಮುಗಿಯುವುದಿಲ್ಲ.

ಇದಕ್ಕೆ ಅತ್ಯುತ್ತಮ ಉದಾಹರಣೆ ಸಿಖ್ಖರ ಲಂಗರ್, ಅಂದರೆ ಗುರುದ್ವಾರದ ಸಾಮೂಹಿಕ ಊಟ. ಗುರು ನಾನಕರ ಕಾಲದಿಂದ, ಅಂದರೆ ಐನೂರು ವರ್ಷಗಳಿಂದ ನಡೆದು ಬಂದಿರುವ ಪದ್ಧತಿ. ರಾಜನಿರಲಿ ಭಿಕ್ಷುಕನಿರಲಿ, ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಮಾಂಸ ತಿನ್ನುವ ಸಿಖ್ಖರು ಬೇಕಾದಷ್ಟು ಜನ ಇದ್ದಾರೆ. ಆದರೂ ಲಂಗರಿನಲ್ಲಿ ಮಾಂಸ ಬಡಿಸುವುದಿಲ್ಲ. ಬಂದವರು ಯಾರೇ ಆದರೂ ಅನುಮಾನವಿಲ್ಲದೆ ಕೂರುವಂತಿರಬೇಕು ಎಂಬುದು ಅದರ ಹಿಂದಿನ ಯೋಚನೆ. ಅತಿಥಿ ಬಾಯಿಬಿಟ್ಟು ಕೇಳುವ ಮೊದಲೇ ಅವರ ನೇಮವನ್ನು ಅಡುಗೆಯಲ್ಲೇ ಕಾಪಾಡಿದ್ದಾರೆ. ಇದನ್ನು ನೆನೆದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಆದರೆ ನೀವು ಏರ್ಪಡಿಸುವಾಗ ಇನ್ನೂ ಕೆಲವನ್ನು ನೋಡಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿಡುವ ವೈಷ್ಣವರಿದ್ದಾರೆ. ಜೈನರಿಗೆ ಆಲೂಗಡ್ಡೆ, ಕ್ಯಾರೆಟ್ ಆಗುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಊಟವೇ ಇಲ್ಲ. ಅವರನ್ನು ರಾತ್ರಿ ಎಂಟಕ್ಕೆ ಕರೆದು ಶುದ್ಧ ಜೈನ ಅಡುಗೆ ಮಾಡಿಸಿದರೂ ಅವರು ಉಣ್ಣಲಾರರು. ಏಕಾದಶಿ ದಿನ ಧಾನ್ಯ ಮುಟ್ಟದವರಿದ್ದಾರೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ 180ಕ್ಕೂ ಜಾಸ್ತಿ ಉಪವಾಸದ ದಿನಗಳು. ಬುಧವಾರ, ಶುಕ್ರವಾರಗಳೂ ಅದರಲ್ಲಿ ಸೇರಿವೆ. ಆ ದಿನ ಹಾಲು, ಬೆಣ್ಣೆ, ಮೊಟ್ಟೆ ಕೂಡ ಇಲ್ಲ. ನೇಮದ ಯೆಹೂದಿಗಳು ಸೊಪ್ಪನ್ನು ಎಲೆ ಎಲೆ ಬಿಡಿಸಿ ಬೆಳಕಿಗೆ ಹಿಡಿದು ಹುಳ ಇದೆಯಾ ನೋಡುತ್ತಾರೆ. ಹುಳ ತಿನ್ನುವುದು ಅವರಿಗೆ ನಿಷಿದ್ಧ. ಅವರಿಗೆ ಬೇರೆಯವರ ಅಡುಗೆಮನೆಯ ಪಾತ್ರೆಯೂ ಕಷ್ಟ. ಅದಕ್ಕೇ ವಿಮಾನದಲ್ಲಿ ಕೋಷರ್ ಊಟ ಎರಡು ಸುತ್ತು ಮುಚ್ಚಿ ಸೀಲ್ ಮಾಡಿ ಬರುತ್ತದೆ. ಮುಚ್ಚಿದಂತೆಯೇ ಬಿಸಿ ಮಾಡಿ, ಸೀಲ್ ಒಡೆಯದೆ ಅವರ ಕೈಗೆ ಕೊಡಬೇಕು.

ಪದಾರ್ಥ ಬೇರೆ ಇದೆ, ಸೌಟು ಒಂದೇ. ಅಷ್ಟಕ್ಕೇ ಏನಾಗುತ್ತದೆ?

ಇದಕ್ಕೆ ನಡೆದ ಒಂದು ವಿಷಯವನ್ನೇ ಹೇಳುತ್ತೇನೆ.

ಒಂದು ದೊಡ್ಡ ಊಟ. ಪಕ್ಕಪಕ್ಕದಲ್ಲಿ ಎರಡು ಪಾತ್ರೆ, ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ಮಾಂಸದ ಸಾರು. ಬಡಿಸುತ್ತಿದ್ದ ಹುಡುಗ ಗಡಿಬಿಡಿಯಲ್ಲಿ ಮಾಂಸದ ಸೌಟನ್ನು ಬೇಳೆಗೆ ಅದ್ದಿಬಿಟ್ಟ. ಮೇಲೆ ಸಣ್ಣಗೆ ಎಣ್ಣೆಯ ಕೆಂಪು ಗೆರೆ ತೇಲಿತು. ಅವನು ನನ್ನ ಮುಖ ನೋಡಿ ಮೆಲ್ಲಗೆ, “ಸ್ವಲ್ಪ ತಾನೇ, ಕಲಸಿಬಿಟ್ಟರೆ ಕಾಣಲ್ಲ” ಅಂದ. ಸಾಲಿನಲ್ಲಿ ಮುಂದೆ ನಿಂತಿದ್ದವರು ಹುಟ್ಟಿದಾಗಿನಿಂದ ಮಾಂಸ ಮುಟ್ಟದ ವಯಸ್ಸಾದ ಅಮ್ಮ. ತಟ್ಟೆ ಮುಂದೆ ಚಾಚಿದ್ದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. “ಅಮ್ಮಾ, ಈ ಪಾತ್ರೆಗೆ ಮಾಂಸದ ಸೌಟು ಬಿತ್ತು. ಇದು ನಿಮಗೆ ಬೇಡ” ಅಂದೆ. ಅವರು ತಟ್ಟೆ ಹಿಂದಕ್ಕೆ ತಗೊಂಡರು. ಆ ಹೊತ್ತು ಬರೀ ಹಣ್ಣು ತಿಂದರು. ನಾನು ಬೆಳಗಿನಿಂದ ಅವರಿಗಾಗಿಯೇ ಮಾಡಿಸಿದ್ದ ಅಡುಗೆ ಹಾಗೇ ಉಳಿಯಿತು.

ಮುಂದಿನ ಸಲ ಅವರು ಊಟಕ್ಕೆ ಒಂದು ಗಂಟೆ ಮುಂಚೆಯೇ ಬಂದರು. ಸೆರಗಿನ ಗಂಟಿನಲ್ಲಿ ಎರಡು ಬಣ್ಣದ ದಾರ ತಂದಿದ್ದರು. ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮಾಂಸದ ಸೌಟುಗಳಿಗೆಲ್ಲ ಕೆಂಪು, ಉಳಿದವಕ್ಕೆ ಹಸಿರು ಅಂತ ಹಿಡಿಗೆ ಸುತ್ತಿ ಕಟ್ಟಿಸಿದರು. ಮಾಂಸದ ಸೌಟು ಮುಟ್ಟುವುದಕ್ಕೆ ಅವರು ಹಿಂದೆ ಮುಂದೆ ನೋಡಲಿಲ್ಲ, ಅವು ತೊಳೆದಿದ್ದವು. ಅವತ್ತಿನಿಂದ ನಾವು ದಾರ ಬಿಟ್ಟಿಲ್ಲ.

ಆ ಗೆರೆಯಷ್ಟು ಎಣ್ಣೆಯಿಂದ ಹೊಟ್ಟೆಗೆ ಏನೂ ಆಗುತ್ತಿರಲಿಲ್ಲ, ನಿಜ. ಆದರೆ ಅದನ್ನು ತೂಗುವ ತಕ್ಕಡಿ ಅವರದ್ದು, ನಮ್ಮದಲ್ಲ. ಪಾತ್ರೆಯಲ್ಲಿ ಏನಿದೆ ಎಂದು ನಿಜ ಹೇಳುವುದು ನಮ್ಮ ಕೆಲಸ. ತಿನ್ನಬೇಕೋ ಬೇಡವೋ ಅವರು ನೋಡಿಕೊಳ್ಳುತ್ತಾರೆ. ಊಟ ತನ್ನಿಚ್ಛೆ ಅನ್ನುವ ಗಾದೆಯ ಮೊದಲ ಅರ್ಧವನ್ನು ನಾನು ಹೀಗೇ ತಿಳಿದಿದ್ದೇನೆ.

ಅವರಿಗೆ ಗೊತ್ತಾಗದ ಹಾಗೆ ತಿನ್ನಿಸಿದರೆ ಏನು ತಪ್ಪು? ತಮಾಷೆಗೆ ಅಷ್ಟೇ.

ಇದು ತಮಾಷೆ ಅಲ್ಲ. ನಾನು ಈ ಪುಟ ಬರೆಯಲು ಕೂತದ್ದೇ ಜಾಸ್ತಿ ಈ ಪ್ರಶ್ನೆಯಿಂದಾಗಿ.

ಒಬ್ಬರು ನಿಮ್ಮ ಕೈಯಿಂದ ತಟ್ಟೆ ತೆಗೆದುಕೊಂಡರೆ ನಿಮ್ಮನ್ನು ನಂಬಿದ್ದಾರೆ ಅಂತ ಅರ್ಥ. ಅವರು ಒಳಗೆ ಇಣುಕಿ ಪರೀಕ್ಷೆ ಮಾಡಲಾರರು. ಆ ನಂಬಿಕೆಯನ್ನು ನಗೆಗೆ ಬಳಸಿದರೆ ಆ ಮನುಷ್ಯ ಮತ್ತೆ ಯಾರ ಮನೆಯಲ್ಲೂ ನೆಮ್ಮದಿಯಾಗಿ ಉಣ್ಣಲಾರ. ಇಂಥದ್ದು ನಡೆದು ಹತ್ತು ವರ್ಷ ಕಳೆದರೂ ಬೇರೆಯವರ ಮನೆಯಲ್ಲಿ ನೀರು ಬಿಟ್ಟು ಏನೂ ಮುಟ್ಟದ ಒಬ್ಬರನ್ನು ನಾನು ಬಲ್ಲೆ.

ಊಟವನ್ನು ಮನುಷ್ಯರನ್ನು ಮುರಿಯಲು ಬಳಸಿದ್ದು ಇತಿಹಾಸದಲ್ಲಿ ಹೊಸದಲ್ಲ. ಮಕ್ಕಬಿಯರ ಎರಡನೇ ಗ್ರಂಥ ಎಂಬ ಹಳೆಯ ಯೆಹೂದಿ ಪುಸ್ತಕದಲ್ಲಿ ಎಲ್ಯಾಜರನ ಕಥೆ ಇದೆ. ಕ್ರಿಸ್ತಪೂರ್ವ 2ನೇ ಶತಮಾನ, ಯೆಹೂದಿಗಳನ್ನು ಆಳುತ್ತಿದ್ದ ಗ್ರೀಕ್ ರಾಜ ಅಂತಿಯೋಕಸ್‌ನ ಕಾಲ. ಯೆಹೂದಿಗಳಿಗೆ ಹಂದಿ ಮಾಂಸ ತಿನ್ನಲು ಬಲವಂತ. ಎಲ್ಯಾಜರನಿಗೆ ತೊಂಬತ್ತು ವರ್ಷ. ಬಾಯಿ ತೆರೆಸಿ ತುರುಕುತ್ತಾರೆ, ಉಗುಳುತ್ತಾನೆ. ಅಲ್ಲಿದ್ದ ಅಧಿಕಾರಿಗಳಲ್ಲಿ ಕೆಲವರಿಗೆ ಅವನು ಹಳೆಯ ಪರಿಚಯ. ಅವರು ಅವನನ್ನು ಪಕ್ಕಕ್ಕೆ ಕರೆದು ಉಪಾಯ ಹೇಳುತ್ತಾರೆ: ನಿನಗೆ ಸಲ್ಲುವ ಮಾಂಸವನ್ನೇ ತಂದುಕೋ, ಹಂದಿಯದ್ದು ತಿಂದ ಹಾಗೆ ನಟಿಸು, ಬದುಕಿಕೋ. ಅವನು ಒಪ್ಪುವುದಿಲ್ಲ. ತೊಂಬತ್ತನೇ ವಯಸ್ಸಿನಲ್ಲಿ ಎಲ್ಯಾಜರ್ ಧರ್ಮ ಬಿಟ್ಟ ಎಂದು ಹುಡುಗರು ತಿಳಿದರೆ ಅವರು ದಾರಿ ತಪ್ಪುತ್ತಾರೆ ಅನ್ನುತ್ತಾನೆ. ಸಾಯುತ್ತಾನೆ. ಅವನಿಗೆ ಅದು ರುಚಿಯ ವಿಷಯವೂ ಅಲ್ಲ, ಒಂದು ತುಂಡು ಮಾಂಸದ ವಿಷಯವೂ ಅಲ್ಲ.

ಸ್ಪೇನಿನಲ್ಲಿ ಕ್ರೈಸ್ತರಾಗಿ ಮತಾಂತರವಾದ ಯೆಹೂದಿ, ಮುಸ್ಲಿಂ ಕುಟುಂಬಗಳನ್ನು ಇನ್‌ಕ್ವಿಸಿಷನ್ ಎಂಬ ಕ್ರೈಸ್ತ ಧರ್ಮವಿಚಾರಣೆಯ ನ್ಯಾಯಮಂಡಳಿಗಳು ಊಟದ ಮೇಲೆಯೇ ಕಣ್ಣಿಟ್ಟು ಕಾಯುತ್ತಿದ್ದವು. ಹಂದಿ ಮಾಂಸ ತಿನ್ನಲಿಲ್ಲ ಅನ್ನುವುದೇ ದೂರಿಗೆ ಸಾಕಾಗುತ್ತಿತ್ತು. ನೆರೆಯವರು, ಮನೆಗೆಲಸದವರು ಸಾಕ್ಷಿ ಹೇಳುತ್ತಿದ್ದರು. ತಟ್ಟೆ ಇಟ್ಟು “ತಿನ್ನು ನೋಡೋಣ” ಅನ್ನುವಾಗ ನಮಗೆ ಇದು ನೆನಪಿಗೆ ಬರುವುದಿಲ್ಲ. ಎದುರು ಕೂತವರಿಗೆ ಬಂದೀತು.

ಗೊತ್ತಿಲ್ಲದೆ ತಪ್ಪು ಪದಾರ್ಥ ಬಡಿಸಿಬಿಟ್ಟೆ. ಈಗ ಹೇಳಲಾ, ಸುಮ್ಮನಿರಲಾ?

ಹೇಳಿ. ತಕ್ಷಣ ಹೇಳಿ, ಮೆಲ್ಲಗೆ, ನಾಲ್ಕು ಜನರ ಮುಂದೆ ಅಲ್ಲದೆ. ಇನ್ನೊಂದು ತುತ್ತು ತಿನ್ನುವ ಮೊದಲು ಗೊತ್ತಾಗಲಿ.

ಅರಿಯದೆಯೋ ಬೇರೆ ದಾರಿಯಿಲ್ಲದೆಯೋ ಆದದ್ದಕ್ಕೂ ಬೇಕೆಂದು ಮಾಡಿದ್ದಕ್ಕೂ ಧರ್ಮಗಳು ವ್ಯತ್ಯಾಸ ಮಾಡುತ್ತವೆ. ಕುರ್‌ಆನ್‌ನ 2ನೇ ಸೂರಾದ 173ನೇ ವಚನ ನಿಷಿದ್ಧಗಳನ್ನು ಹೇಳಿದ ಉಸಿರಿನಲ್ಲೇ, ಬೇರೆ ದಾರಿಯಿಲ್ಲದೆ ತಿನ್ನಬೇಕಾಗಿ ಬಂದವರ ಮೇಲೆ ಪಾಪವಿಲ್ಲ ಅನ್ನುತ್ತದೆ. ಆದರೆ “ನಿಮ್ಮ ಧರ್ಮದಲ್ಲಿ ಪರವಾಗಿಲ್ಲವಂತೆ ಬಿಡಿ” ಎಂದು ನೀವು ಹೇಳಬೇಡಿ. ಅದನ್ನು ಹೇಳಿಕೊಳ್ಳುವವರು ಅವರು. ನಿಮ್ಮ ಪಾಲಿಗೆ ಇರುವುದು ತಪ್ಪಾಯಿತು ಅನ್ನುವ ಮಾತು. ಅವರು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರೆ, ಸ್ವಲ್ಪ ಹೊತ್ತು ಒಬ್ಬರೇ ಕೂತರೆ, ಬಿಟ್ಟುಬಿಡಿ.

ಪ್ಯಾಕೆಟ್ ಮೇಲೆ ಏನು ನೋಡಬೇಕು?

ಮಾಂಸ ಅಂತ ಬರೆದಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ, ಹೆಚ್ಚಾಗಿ ಹಂದಿ ಅಥವಾ ದನದ್ದು. ಜಗಿಯುವ ಮಿಠಾಯಿ, ಜೆಲ್ಲಿಗಳಲ್ಲಿ ಸಾಮಾನ್ಯ. ಬಣ್ಣ ಮುಂತಾದ ಸೇರ್ಪಡೆಗಳನ್ನು ಪ್ಯಾಕೆಟ್ ಮೇಲೆ ಸಂಖ್ಯೆಯಲ್ಲಿ ಬರೆದಿರುತ್ತಾರೆ. ಇ120 (E120) ಅಂದರೆ ಕಾರ್ಮೈನ್, ಒಂದು ಜಾತಿಯ ಕೀಟದಿಂದ ತೆಗೆದ ಕೆಂಪು ಬಣ್ಣ. ಎಣ್ಣೆ ನೀರು ಬೆರೆಯುವಂತೆ ಹಾಕುವ ಇ471 ಗಿಡದ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ. ಸಂಖ್ಯೆ ನೋಡಿ ಯಾವುದೆಂದು ಹೇಳಲಾಗುವುದಿಲ್ಲ, ತಯಾರಿಸಿದವರನ್ನೇ ಕೇಳಬೇಕು. ಚೀಸ್ ಹೆಪ್ಪುಗಟ್ಟಿಸುವ ರೆನೆಟ್ ಮೂಲದಲ್ಲಿ ಕರುವಿನ ಹೊಟ್ಟೆಯಿಂದ ತೆಗೆಯುವುದು. ಈಗ ಸೂಕ್ಷ್ಮಜೀವಿಗಳಿಂದ ಮಾಡಿದ್ದೇ ಜಾಸ್ತಿ, ಆದರೆ ಹಳೆಯ ಪದ್ಧತಿಯ ಎಷ್ಟೋ ಚೀಸ್‌ಗಳಲ್ಲಿ ಕರುವಿನದ್ದೇ ಇರುತ್ತದೆ.

ಪ್ಯಾಕೆಟ್ ಬಿಸಾಡಬೇಡಿ. ಊಟ ಮುಗಿಯುವ ತನಕ ಇಟ್ಟಿರಿ. ಯಾರಾದರೂ ಕೇಳಿದರೆ ಅದನ್ನೇ ಕೈಗೆ ಕೊಡಿ.

ಔಷಧದಲ್ಲೂ ಇಂಥದ್ದು ಇರುತ್ತದಾ?

ಇರುತ್ತದೆ. ಎಷ್ಟೋ ಕ್ಯಾಪ್ಸೂಲ್‌ಗಳ ಹೊರಕವಚ ಜೆಲಟಿನ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಜೀವ ಉಳಿಸುವ ವಿಷಯ ಬಂದಾಗ ಹೆಚ್ಚಿನ ಧರ್ಮಗಳು ನಿಯಮ ಸಡಿಲಿಸುತ್ತವೆ. ಯೆಹೂದಿ ಧರ್ಮದಲ್ಲಂತೂ ಜೀವ ಉಳಿಸುವುದು ಊಟದ ನಿಯಮಗಳಿಗಿಂತ ಮೇಲು. ಹಾಗಿದ್ದರೂ ರೋಗಿಗೆ ತಿಳಿಸಬೇಕು, ಬದಲಿ ಔಷಧ ಇದ್ದರೆ ಕೊಡಬೇಕು. ನೀವೇ ರೋಗಿಯಾದರೆ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಿ.

ಪಕ್ಕದಲ್ಲಿ ಕೂತವರು ಉಪವಾಸ ಇದ್ದಾರೆ. ನಾನು ತಿನ್ನಬಹುದಾ?

ತಿನ್ನಬಹುದು. ಹೆಚ್ಚಿನವರು ಏನೂ ಅಂದುಕೊಳ್ಳುವುದಿಲ್ಲ. ತಮ್ಮ ವ್ರತ ಲೋಕದ ವ್ರತ ಆಗಲಿ ಎಂದು ಅವರು ಕೇಳಿಲ್ಲ. ಒಂದು ಮಾತು ಕೇಳಿದರೆ ಸಾಕು, “ನಾನು ಇಲ್ಲಿ ತಿಂದರೆ ತೊಂದರೆ ಇಲ್ಲ ತಾನೇ?”

ನಿಜವಾಗಿ ನೆರವಾಗುವುದು ಸಮಯ ಹೊಂದಿಸುವುದು. ರಮ್ಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತುತ್ತದೆ. ಬೇಸಿಗೆಯಲ್ಲಿ ಬಂದಾಗ ಹಗಲು ಉದ್ದ, ಬಾಯಾರಿಕೆ ಜಾಸ್ತಿ. ಭಾರದ ಕೆಲಸ, ದೊಡ್ಡ ಸಭೆಗಳನ್ನು ಬೆಳಿಗ್ಗೆ ಇಟ್ಟುಕೊಳ್ಳಿ. ಉಪವಾಸ ಬಿಡುವ ಹೊತ್ತಿಗೆ ಸಭೆ ಮುಗಿಯದಿದ್ದರೆ ಐದು ನಿಮಿಷ ಬಿಡುವು ಕೊಡಿ, ಮೇಜಿನ ಮೇಲೆ ನೀರು ಇರಲಿ.

ಉಪವಾಸ ಇಲ್ಲದವರನ್ನು “ನೀವು ಯಾಕೆ ಇಲ್ಲ?” ಎಂದು ಮಾತ್ರ ಕೇಳಬೇಡಿ. ಕಾಯಿಲೆ ಇದ್ದವರು, ಪ್ರಯಾಣದಲ್ಲಿರುವವರು, ಬಸುರಿ ಬಾಣಂತಿಯರು, ಮುಟ್ಟಾದವರು, ಇವರಿಗೆಲ್ಲ ವಿನಾಯಿತಿ ಇದೆ. ಉತ್ತರ ಹೇಳಲು ಅವರಿಗೆ ಮುಜುಗರ.

ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಅವಮಾನ ಅಲ್ವಾ? ಬೇರೆ ಧರ್ಮದವರ ಪ್ರಸಾದ ಕೊಟ್ಟರೆ?

ಕೊಡುವವರಿಗೆ ಒಂದು ಕ್ಷಣ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬೇಡ ಅಂದದ್ದು ಪದಾರ್ಥಕ್ಕೆ, ನಿಮಗಲ್ಲ.

ಬೇಡ ಅನ್ನುವವರೂ ಸ್ವಲ್ಪ ಯೋಚಿಸಬೇಕು. ಮೊದಲೇ ತಿಳಿಸಿ, ಅಡುಗೆ ಆದ ಮೇಲೆ ಅಲ್ಲ. ಬೇಡ ಅನ್ನುವಾಗ ಮುಖ ಕಿವಿಚಬೇಡಿ. ತಿನ್ನುವಂಥದ್ದು ಏನಾದರೂ ಇದ್ದರೆ, ಒಂದು ಹಣ್ಣಾದರೂ ಸರಿ, ಕೇಳಿ ಪಡೆದು ಅವರ ಜೊತೆ ಕೂತು ತಿನ್ನಿ.

ಪ್ರಸಾದ, ನೈವೇದ್ಯ ಕೆಲವರಿಗೆ ಬರೀ ಆಹಾರ ಅಲ್ಲ. ತಿಂದರೆ ಆ ಪೂಜೆಯಲ್ಲಿ ಪಾಲು ತೆಗೆದುಕೊಂಡಂತೆ ಎಂದು ಎಷ್ಟೋ ಮುಸ್ಲಿಮರು, ಕೆಲವು ಕ್ರೈಸ್ತರು ಭಾವಿಸುತ್ತಾರೆ. ಇದು ಹಳೆಯ ಪ್ರಶ್ನೆ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೇ ಎಂದು ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರು 1ನೇ ಶತಮಾನದಲ್ಲೇ ಧರ್ಮಪ್ರಚಾರಕ ಪೌಲನನ್ನು ಕೇಳಿದ್ದರು. ಊಟದಿಂದ ದೇವರಿಗೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ, ಆದರೆ ನಾನು ತಿನ್ನುವುದರಿಂದ ಒಬ್ಬ ಸಹೋದರನ ಮನಸ್ಸು ಮುಗ್ಗರಿಸುವುದಾದರೆ ನಾನು ಮಾಂಸವನ್ನೇ ತಿನ್ನುವುದಿಲ್ಲ ಎಂಬುದು ಅವನ ಉತ್ತರದ ತಾತ್ಪರ್ಯ. ಹಾಗಾಗಿ ಪ್ರಸಾದ ಕೊಡುವಾಗ ಪ್ರಸಾದ ಎಂದು ಹೇಳಿಯೇ ಕೊಡಿ. ತೆಗೆದುಕೊಳ್ಳದಿದ್ದರೆ ಒತ್ತಾಯ ಬೇಡ.

ಪಕ್ಕದವರ ಡಬ್ಬಿ ತೆರೆದರೆ ನನಗೆ ವಾಸನೆ ಆಗಿಬರಲ್ಲ. ನನ್ನ ಭಾವನೆಗೂ ಗೌರವ ಬೇಡವಾ?

ಬೇಕು. ಬೇರೆ ಕಡೆ ಕೂರುವುದು, ಕಿಟಕಿ ತೆಗೆಯುವುದು, ಪ್ರತ್ಯೇಕ ಪಾತ್ರೆ ಕೇಳುವುದು ಎಲ್ಲ ನ್ಯಾಯವೇ. ಆದರೆ “ಛೀ” ಅನ್ನುವುದು ನೇಮ ಅಲ್ಲ. ನಿಮಗೆ ನಿಷಿದ್ಧವಾದದ್ದು ಇನ್ನೊಬ್ಬರಿಗೆ ತಾಯಿ ಮಾಡಿ ಕೊಟ್ಟ ಊಟ.

ಇಲ್ಲಿ ಒಂದು ಗಟ್ಟಿ ಮಾತು ಹೇಳಬೇಕು. ಪಾತ್ರೆಯಲ್ಲಿ ಏನಿದೆ ಎಂದು ನೋಡುವುದು ಆಹಾರದ ನಿಯಮ. ಮಾಡಿದವರು ಯಾವ ಕುಲ, ಯಾವ ಬಣ್ಣ ಎಂದು ನೋಡಿ ಅವರ ಕೈ ಅಶುದ್ಧ ಅನ್ನುವುದು ಮನುಷ್ಯರ ಅವಮಾನ. ಎರಡನೆಯದಕ್ಕೆ ಮೊದಲನೆಯದರ ಹೆಸರು ಕೊಟ್ಟು ಗೌರವ ಕೇಳಬಾರದು. ನಾನು ಏರ್ಪಡಿಸುವ ಊಟಗಳಲ್ಲಿ ಸಾವಿರ ನಿಯಮಗಳಿಗೆ ಜಾಗ ಮಾಡಿಕೊಟ್ಟಿದ್ದೇನೆ. ಅದಕ್ಕೆ ಮಾತ್ರ ಮಾಡಿಕೊಟ್ಟಿಲ್ಲ.

ಪ್ರಾಣಿಯನ್ನು ಪ್ರಜ್ಞೆ ತಪ್ಪಿಸದೆ ಕೊಯ್ಯುವುದನ್ನು ಕಾನೂನು ತಡೆಯಬಹುದಾ?

ಕೆಲವು ದೇಶಗಳಲ್ಲಿ ತಡೆದಿದ್ದಾರೆ. ಬೆಲ್ಜಿಯಂನ ಪ್ರಾದೇಶಿಕ ಕಾನೂನುಗಳು ಕೊಯ್ಯುವ ಮೊದಲು ಪ್ರಜ್ಞೆ ತಪ್ಪಿಸುವುದನ್ನು ಕಡ್ಡಾಯ ಮಾಡಿದವು. ಯೆಹೂದಿ, ಮುಸ್ಲಿಂ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ಐರೋಪ್ಯ ಒಕ್ಕೂಟದ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ, ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2024ರ ಫೆಬ್ರುವರಿಯಲ್ಲಿ ಆ ಕಾನೂನುಗಳ ಪರವಾಗಿಯೇ ಹೇಳಿದವು. ಅನೇಕ ಹಲಾಲ್ ಸಂಸ್ಥೆಗಳು ಪ್ರಾಣಿ ಸಾಯದಂಥ, ಮತ್ತೆ ಎಚ್ಚರವಾಗಬಲ್ಲ ಬಗೆಯಲ್ಲಿ ಪ್ರಜ್ಞೆ ತಪ್ಪಿಸುವ ವಿಧಾನವನ್ನು ಒಪ್ಪುತ್ತವೆ. ಸಂಪ್ರದಾಯಸ್ಥ ಯೆಹೂದಿಗಳು ಒಪ್ಪುವುದಿಲ್ಲ.

ಪ್ರಾಣಿಯ ನೋವು ನಿಜವಾದ ಪ್ರಶ್ನೆ, ಅದನ್ನು ಕೇಳುವವರೆಲ್ಲ ದ್ವೇಷಿಗಳಲ್ಲ. ಯೆಹೂದಿಗಳ ಭಯವೂ ಸುಮ್ಮನೆ ಬಂದದ್ದಲ್ಲ. ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, 1933ರ ಏಪ್ರಿಲ್‌ನಲ್ಲಿ, ಇಂಥದೇ ಕಾನೂನು ತಂದರು. ಈ ಚರ್ಚೆಗೆ ಕೂರುವವರು ಎರಡನ್ನೂ ತಿಳಿದು ಕೂರಬೇಕು.

ಜೈಲು, ಆಸ್ಪತ್ರೆ, ಶಾಲೆ ಇವೆಲ್ಲ ಪ್ರತಿಯೊಬ್ಬರ ನೇಮವನ್ನೂ ನೋಡಬೇಕಾ?

ಬೇರೆ ಕಡೆ ಹೋಗಿ ತಿನ್ನಲಾಗದ ಜಾಗಗಳಲ್ಲಿ ಸಾಧ್ಯವಾದಷ್ಟೂ ನೋಡಬೇಕು. ಪೋಲೆಂಡಿನ ಜೈಲಿನಲ್ಲಿದ್ದ ಒಬ್ಬ ಬೌದ್ಧ ಕೈದಿ ಮಾಂಸವಿಲ್ಲದ ಊಟ ಕೇಳಿದ. ಕೊಡಲಿಲ್ಲ. 2010ರ ಡಿಸೆಂಬರಿನಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಅವನ ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಎಂದು ತೀರ್ಪು ಕೊಟ್ಟಿತು. ಅವನು ಕೇಳಿದ್ದಕ್ಕೆ ವಿಶೇಷ ಪದಾರ್ಥವಾಗಲಿ ವಿಶೇಷ ಅಡುಗೆಯಾಗಲಿ ಬೇಕಿರಲಿಲ್ಲ. ಮಾಂಸ ಹಾಕದೆ ಕೊಟ್ಟಿದ್ದರೆ ಆಗುತ್ತಿತ್ತು.

ಮೊದಲ ಸಲ ಬೇರೆ ಬೇರೆ ಧರ್ಮದವರನ್ನು ಊಟಕ್ಕೆ ಕರೆಯುತ್ತಿದ್ದೇನೆ. ಏನು ಕೇಳಲಿ?

ಯಾವ ಧರ್ಮ ಎಂದು ಕೇಳಬೇಡಿ. “ನೀವು ಏನು ತಿನ್ನುವುದಿಲ್ಲ? ಪಾತ್ರೆ ವಿಷಯದಲ್ಲಿ ಏನಾದರೂ ನೋಡಿಕೊಳ್ಳಬೇಕಾ? ಆ ದಿನ, ಆ ಹೊತ್ತು ನಿಮಗೆ ಆಗುತ್ತದಾ?” ಇಷ್ಟು ಕೇಳಿ. ಒಂದು ವಾರ ಮುಂಚೆ ಕೇಳಿದರೆ ಒಳ್ಳೆಯದು.

ಎಲ್ಲರನ್ನೂ ಕೇಳಿ, ನೋಡಿದರೆ ಬೇರೆ ಥರ ಕಾಣುವವರನ್ನು ಮಾತ್ರ ಅಲ್ಲ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಮತ್ತೆ ಅದನ್ನೇ ಹೇಳಿಸಬೇಡಿ. ನಿಮ್ಮ ಕೈಲಾಗದಿದ್ದರೆ ಆಗುವುದಿಲ್ಲ ಅಂತಲೇ ಹೇಳಿ, ಅವರು ತಮ್ಮ ಡಬ್ಬಿ ತರುತ್ತಾರೆ. ತಂದ ಡಬ್ಬಿಯನ್ನು ಎಲ್ಲರ ಜೊತೆ ಕೂತು ತಿನ್ನಲು ಜಾಗ ಇಡಿ, ಮೂಲೆಯಲ್ಲಿ ಅಲ್ಲ. ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿಯಲ್ಲಿ ಏನೇನು ಹಾಕಿದ್ದೀರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿಡಿ, ಈರುಳ್ಳಿ ಬೆಳ್ಳುಳ್ಳಿ ಸೇರಿಸಿ. ಮಾಂಸದ ಪಾತ್ರೆಗಳನ್ನು ಬೇರೆ ಮೇಜಿನ ಮೇಲಿಡಿ, ಒಬ್ಬರನ್ನು ಆ ಮೇಜಿಗೇ ನಿಲ್ಲಿಸಿ. ಸೌಟುಗಳಿಗೆ ದಾರ ಕಟ್ಟುವುದನ್ನು ಜನ ಬರುವ ಅರ್ಧ ಗಂಟೆ ಮೊದಲೇ ಮುಗಿಸಿ. ಆಮೇಲೆ ಪುರುಸೊತ್ತು ಸಿಗುವುದಿಲ್ಲ.